ಬೇಡಿಕೆ, ವಸೂಲಿ, ಬಾಕಿ

ಬೀದರಿನಿಂದ ಔರಾದಿಗೆ ಹೊರಟ ಬಸ್ಸು, ಮೂವರು ಕೂರುವ ಸೀಟು. ಕಿಟಕಿಯ ಕಡೆ ಭಾಲ್ಕಿಯ ಕಾಕಾ, ಆ ತುದಿಗೆ ಅವರ ಅಣ್ಣನ ಮಗಳು, ನಡುವೆ ಸಿಕ್ಕಿಕೊಂಡವನು ನಾನು. ಕಾಕಾ 30 ವರ್ಷ ಬಿಲ್ ಕಲೆಕ್ಟರ್ ಆಗಿದ್ದು ನಿವೃತ್ತರಾದವರು. ಯಾವ ಊರಿನಲ್ಲಿ ಎನ್ನುವುದು ಇಲ್ಲಿ ಬೇಡ. ಮಗಳು ಬೀದರಿನಲ್ಲಿದ್ದುಕೊಂಡು ಒಂದು ಸಲಹಾ ಸಂಸ್ಥೆಗೆ ಕೆಲಸ ಮಾಡುತ್ತಾಳೆ. ಊರುಗಳಿಗೆ ನೀರು ಕೊಡಲು ಎಷ್ಟು ಖರ್ಚಾಗುತ್ತದೆ, ಅದರಲ್ಲಿ ಎಷ್ಟು ಹಿಂದಿರುಗಿ ಬರುತ್ತದೆ ಎಂದು ಲೆಕ್ಕ ಹಾಕಿ ಕೊಡುವುದು ಅವಳ ಕೆಲಸ. ಗುರುತಿನ ಚೀಟಿಯ ಮೇಲೆ 'ವೆಚ್ಚ ವಸೂಲಾತಿ ವಿಶ್ಲೇಷಕಿ' ಎಂದಿದೆ. ಔರಾದಿನಲ್ಲಿ ನಾಲ್ಕು ಓಣಿ ಸುತ್ತಿ ನಳ ಎಣಿಸಬೇಕು, ಜತೆಗೆ ಬನ್ನಿ ಎಂದು ಕಾಕಾರನ್ನು ಕರೆದುಕೊಂಡು ಬಂದಿದ್ದಾಳೆ. ನನ್ನದು ಅಲ್ಲೇ ಒಂದು ಮದುವೆ. ತೊಡೆಯ ಮೇಲೆ ಮಿಠಾಯಿ ಡಬ್ಬಿ.

ಕಂಡಕ್ಟರ್ ಅವಳಿಗೆ ಹೆಂಗಸರ ಪುಕ್ಕಟೆ ಪ್ರಯಾಣದ ಝೀರೋ ಟಿಕೆಟ್ ಕೊಟ್ಟು, ನಮ್ಮಿಬ್ಬರಿಂದ ರೊಕ್ಕ ಎಣಿಸಿಕೊಂಡು ಮುಂದೆ ಹೋದ. ಬಸ್ಸು ಊರು ದಾಟುವ ಮೊದಲೇ ಕಾಕಾ ಶುರು ಮಾಡಿದರು.

ಕಾಕಾ: ನಾ ಮಾಡಿದ್ದೂ ವಸೂಲಿ, ನೀ ಮಾಡೋದೂ ವಸೂಲಿ. ನನಗ ಓಣ್ಯಾಗ ಬೈತಿದ್ದರು, ನಿನಗ ಕುರ್ಚಿ ಹಾಕಿ ಚಹಾ ಕೊಡ್ತಾರ. ಮತ್ತೇನದ ಫರಕ?

ಮಗಳು: ನೀವು ರೊಕ್ಕ ತರ್ತಿದ್ರಿ ಕಾಕಾ. ನಾ ತರಲ್ಲ. ಬರಬೇಕಾದ ರೊಕ್ಕ ಎಲ್ಲಿ ನಿಂತದ, ಯಾಕ ನಿಂತದ ಅಂತ ಹುಡುಕ್ತೀನಿ. ಪಂಪಿನ ಕರೆಂಟ್ ಎಷ್ಟು, ಆಲಂ ಕ್ಲೋರಿನ್ ಎಷ್ಟು, ವಾಲ್ವ್‌ಮನ್ ಪಗಾರ ಎಷ್ಟು, ಒಡೆದ ಪೈಪಿನ ರಿಪೇರಿ ಎಷ್ಟು, ಇವೆಲ್ಲ ಒಂದು ಕಡೆ. ಬಿಲ್ ಎಷ್ಟು ಹೋತು, ಕೌಂಟರಿಗೆ ಎಷ್ಟು ಬಂತು, ಅದು ಇನ್ನೊಂದು ಕಡೆ. ಎರಡೂ ಎದುರಾಬದುರಾ ಇಟ್ರ ಊರಿನ ಗುಟ್ಟು ಹೊರಗ ಬೀಳ್ತದ.

ಕಾಕಾ: ಊರಿನ ಗುಟ್ಟು ಕಂಪ್ಯೂಟರಿನ್ಯಾಗ ಇರಲ್ಲವ್ವಾ, ಓಣ್ಯಾಗ ಇರ್ತದ.

ಮಗಳು: ಅದಕ್ಕೇ ಕರಕೊಂಡು ಹೊಂಟೀನಲ್ಲ! ಆದ್ರ ಮೊದಲ ಒಂದು ಮಾತು ಒಪ್ಪಿಕೊಳ್ರಿ. ನೀರು ಪುಕ್ಕಟೆ ಬರಲ್ಲ. ಬೀದರಿಗೆ ನೀರು ಬರೋದು ಕಾರಂಜಾದಿಂದ. ಜಲಾಶಯ ಕೆಳಗದ, ಬೀದರ ಕೆಂಪು ಕಲ್ಲಿನ ದಿಬ್ಬದ ಮ್ಯಾಲದ. ಸಾವಿರ ಲೀಟರ್ ನೀರಂದ್ರ ಒಂದು ಟನ್ ವಜನ. ಅದನ್ನ ನೂರು ಮೀಟರ್ ಎತ್ತಬೇಕಂದ್ರ, ಪಂಪು ಎಷ್ಟೇ ಚೊಕ್ಕ ಇದ್ರೂ ಕಾಲು ಯೂನಿಟ್ ಮ್ಯಾಲ ಕರೆಂಟ್ ತಿಂತದ. ಸವೆದ ಪಂಪಾದ್ರ ಅರ್ಧ ಯೂನಿಟ್ ಹಿಡೀರಿ.

ಕಾಕಾ: ಅರ್ಧ ಯೂನಿಟ್ ಅಂದ್ರ ಬಹಳಾದ್ರ ನಾಲ್ಕು ರೂಪಾಯಿ. ಸಾವಿರ ಲೀಟರಿಗೆ ಅಷ್ಟು ಕೊಡಲ್ಲ ಅಂತ ಯಾರು ಅಂದಾರ?

ಮಗಳು: ಅಲ್ಲಿಗೇ ಮುಗೀಲಿಲ್ಲ. ತಿಳೀಲಂತ ಹೇಳ್ತೀನಿ, ಇದು ಯಾವ ಊರಿನ ಅಂಕಿನೂ ಅಲ್ಲ. ನೂರು ಕೊಡ ಏರಿಸಿದ್ರಿ, ನಲವತ್ತು ಕೊಡ ದಾರ್ಯಾಗ ಸೋರಿ ಹೋತು. ಉಳಿದ ಅರವತ್ತರ ತಲಿ ಮ್ಯಾಲ ನೂರು ಕೊಡದ ಕರೆಂಟ್. ಆ ಅರವತ್ತು ಕೊಡದವರಾಗ ಬಿಲ್ ಕಟ್ಟೋರು ಅರ್ಧ ಮಂದಿ. ಅಂದ್ರ ಮೂವತ್ತು ಕೊಡದವರು ನೂರು ಕೊಡದ ಭಾರ ಹೊರಬೇಕು. ನಾಲ್ಕು ರೂಪಾಯಿ ಹದಿಮೂರಾಗ್ತದ. ಇಷ್ಟಾಗಿ ಬಹಳ ಕಡೆ ಪಂಪಿನ ಕರೆಂಟ್ ಬಿಲ್ಲು ರಾಜ್ಯ ಹಣಕಾಸು ಆಯೋಗದ ಅನುದಾನದಾಗ ಮುರಕೊಂಡು ಹೋಗ್ತದ. ಊರವರ ಕೈಗೆ ಆ ಬಿಲ್ಲಿನ ಬಿಸಿ ಹತ್ತೋದೇ ಇಲ್ಲ. ಕಾಣದ ಖರ್ಚು ಯಾರಿಗೂ ಖರ್ಚಲ್ಲ.

ಈ ಹದಿಮೂರು ರೂಪಾಯಿಯ ಲೆಕ್ಕವನ್ನು ನಾನು ಮನಸ್ಸಿನಲ್ಲೇ ಇನ್ನೊಮ್ಮೆ ಮಾಡಿ ನೋಡಿದೆ. ಸರಿಯಾಗಿತ್ತು. ಕಾಕಾ ಮಾಡಿ ನೋಡುವ ಗೋಜಿಗೆ ಹೋಗಲಿಲ್ಲ. ಅವರು ಅರ್ಧ ಮಂದಿ ಕಟ್ಟುವುದಿಲ್ಲ ಎಂಬ ಮಾತಿಗೇ ಅಂಟಿಕೊಂಡಿದ್ದರು.

ಕಾಕಾ: ಅರ್ಧ ಮಂದಿ ಕಟ್ಟಲ್ಲ ಅಂತ ನಿನಗ ಯಾರು ಹೇಳಿದ್ರು? ಡಿಸಿಬಿ ತಖ್ತೆ ಹೇಳ್ತು, ಹೌದಿಲ್ಲೋ? ಡಿಮ್ಯಾಂಡು, ಕಲೆಕ್ಷನ್ನು, ಬ್ಯಾಲೆನ್ಸು. ನನ್ನ ಅರ್ಧ ಆಯುಷ್ಯ ಅದೇ ಮೂರು ಕಾಲಮ್ಮಿನ್ಯಾಗ ಹೋಗ್ಯದ. ನೀವು ಕಲಿತವರು ಕಲೆಕ್ಷನ್ ಮ್ಯಾಲ ಸಂಶಯ ಪಡ್ತೀರಿ, ಬಾಕಿ ಮ್ಯಾಲ ಸಿಟ್ಟಾಗ್ತೀರಿ. ಡಿಮ್ಯಾಂಡ್ ಕಾಲಮ್ ಮಾತ್ರ ದೇವರ ಮಾತು ಅಂದಂಗ ನಂಬ್ತೀರಿ.

ಮಗಳು: ನಂಬಬಾರದೇನು?

ಕಾಕಾ: ಒಬ್ಬ ಮನುಷ್ಯ. ಸತ್ತು ಹನ್ನೆರಡು ವರ್ಷ ಆಗಿತ್ತು. ಮಕ್ಕಳು ಹೈದರಾಬಾದ ಸೇರಿದ್ದರು. ಮನಿ ಬಿದ್ದು, ಮ್ಯಾಲ ಜಾಲಿ ಬೆಳೆದು, ಗ್ವಾಡಿ ಸುದ್ದಾ ಉಳಿದಿರಲಿಲ್ಲ. ಆದ್ರ ಅವನ ನಳ ಮಾತ್ರ ತಿಂಗಳಾ ತಿಂಗಳಾ ಡಿಮ್ಯಾಂಡಿನ್ಯಾಗ ನೀರು ಕುಡೀತಿತ್ತು. ಮ್ಯಾಲ ದಂಡ ಬ್ಯಾರೆ. ಇನ್ನೊಂದು ಮನಿ, ಅಪ್ಪನ ಹೆಸರಿಲೇ ಒಂದು ನಳ, ಪಾಲಾದ ಮ್ಯಾಲ ಅದೇ ನಳ ಇಬ್ಬರು ಮಕ್ಕಳ ಹೆಸರಿಲೇ ಮತ್ತ ಎರಡು ಸಲ. ಇರೋದು ಒಂದು ಪೈಪು, ಬಿಲ್ಲು ಮೂರು. ಇಂಥಾವು ನನ್ನ ಪುಸ್ತಕದಾಗ ಎಷ್ಟಿದ್ದವಂದ್ರ, ಬದುಕಿದವರು ಎಲ್ಲಾರೂ ಪೂರಾ ಕಟ್ಟಿದ್ರೂ ನನ್ನ ವಸೂಲಿ ನೂರಕ್ಕ ನೂರು ಆಗ್ತಿರಲಿಲ್ಲ. ಮಾರ್ಚ್ ಬಂತಂದ್ರ ಸಾಹೇಬ್ರು ಬೈಯೋದು ನನಗ, ಆ ಜಾಲಿ ಗಿಡಕ್ಕಲ್ಲ.

ಮಗಳು: ತೆಗೆದುಹಾಕಬೇಕಿತ್ತು.

ಕಾಕಾ: ತೆಗೀಬೇಕಂದ್ರ ಠರಾವ್ ಆಗಬೇಕು. ಆಡಿಟ್‌ನವರು ನಿಂದೇನು ಹಕ್ಕು ಅಂತ ಕೇಳ್ತಾರ. ಬಾಕಿ ಮುಂದಿನ ವರ್ಷಕ್ಕ ಎಳಕೊಂಡು ಹೋಗೋದು ಹಗೂರ, ಅಳಿಸೋದು ವಜ್ಜೆ. ಬರೆದವನಿಗೆ ಯಾರೂ ಏನೂ ಅನ್ನಲ್ಲ, ಅಳಿಸಿದವನ ಮ್ಯಾಲ ವಿಚಾರಣೆ.

ಮಗಳು: ಸರಿ ಕಾಕಾ, ಸತ್ತವರ ನಳ ಪುಸ್ತಕದಾಗ ಇದ್ದವು, ಒಪ್ಪಿದೆ. ಬದುಕಿದವರ ನಳ ಎಷ್ಟು ಪುಸ್ತಕದ ಹೊರಗ ಇದ್ದವು?

ಕಾಕಾ ನಕ್ಕರು. ನಕ್ಕರೇ ಹೊರತು ಉತ್ತರ ಕೊಡಲಿಲ್ಲ. ಜನವಾಡ ಬಂತು. ನಾಲ್ಕು ಮಂದಿ ಇಳಿದು ಹತ್ತು ಮಂದಿ ಹತ್ತಿದರು. ಹಿಂದಿನ ಸೀಟಿನಲ್ಲಿ ಮರಾಠಿ, ಮುಂದಿನ ಸೀಟಿನಲ್ಲಿ ತೆಲುಗು. ಈ ಬಸ್ಸಿನ ಮಟ್ಟಿಗೆ ಅದು ವಿಶೇಷವೇನಲ್ಲ.

ಮಗಳು: ಹೇಳ್ರಲ್ಲ. ಕಳ್ಳ ನಳ ಯಾವ ಮನಿಯವು ಅಂತ ನಿಮಗ ಗೊತ್ತಿತ್ತು. ಬರೀಲಿಲ್ಲ.

ಕಾಕಾ: ಕೆಲವು ಬರದೆ. ಒಂದಕ್ಕ ಮೇಲಿಂದ ಫೋನ್ ಬಂತು. ಇನ್ನೊಂದು ಒಬ್ಬ ಮುದುಕಿದು. ಪಿಂಚಣಿ ಬಂದ ದಿನ ನನ್ನ ಹುಡುಕ್ಕೊಂಡು ಬಂದು ಬಾಜೂಮನಿ ನಳದ ಬಿಲ್ಲಿನ್ಯಾಗ ತನ್ನ ಪಾಲು ಕೊಟ್ಟು ಹೋಗ್ತಿದ್ದಳು. ಅಕಿಗೆ ಏನಂತ ನೋಟಿಸ್ ಕೊಡಲಿ?

ಮಗಳು: ಮುದುಕಿ ಮಾತು ಬಿಡ್ರಿ, ಅಕಿ ಕಟ್ಟತಿದ್ದಳು. ನಾ ಕೇಳೋದು, ನಿಮ್ಮ ದಯಾ ಯಾರ ಮ್ಯಾಲ ಹೆಚ್ಚು ಇಳೀತಿತ್ತು? ನಮ್ಮ ಜಾತಿ ಓಣಿ ಮ್ಯಾಲೋ, ಊರ ಹೊರಗಿನ ಓಣಿ ಮ್ಯಾಲೋ?

ಹೀಗೆ ಕೇಳಬಾರದಿತ್ತು ಎಂದು ನನಗೆ ಅನ್ನಿಸಿತು. ಕೇಳಲೇಬೇಕಿತ್ತು ಎಂದೂ ಅನ್ನಿಸಿತು. ಕಾಕಾ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ತೊಗರಿ ಹೊಲ ನೋಡಿದರು.

ಕಾಕಾ: ಎಲ್ಲಿ ಕೂತು ಚಹಾ ಕುಡೀತಿದ್ದೆನೋ ಅಲ್ಲಿ ಹೆಚ್ಚು ಇಳೀತಿತ್ತು. ಊರ ಹೊರಗಿನ ಓಣ್ಯಾಗ ನನಗ ಚಹಾ ಕೊಡೋ ಧೈರ್ಯ ಅವರು ಮಾಡ್ತಿರಲಿಲ್ಲ, ಕುಡಿಯೋ ಧೈರ್ಯ ನಾ ಮಾಡಲಿಲ್ಲ. ನಳ ಕಡಿಯೋ ಹುಕುಮ್ ಬಂದಾಗ ಮೊದಲ ಅಲ್ಲೇ ಹೋದ್ವಿ. ಖರೆ ಅದ.

ಮಗಳು: ಅದಕ್ಕೇ ನನಗ ಮನುಷ್ಯರ ದಯೆಗಿಂತ ಅಂಕಿ ಮ್ಯಾಲ ಭರವಸೆ.

ಕಾಕಾ: ತಡಿ, ಪೂರಾ ಕೇಳು. ಒಂದು ಬೆಳಿಗ್ಗೆ ಅಲ್ಲಿ ಹನ್ನೊಂದು ನಳ ಕಡಿದ್ವಿ. ಮರುದಿವಸ ಹೋಗಿ ನೋಡ್ತೀನಿ, ಉಳಿದ ಎರಡು ನಳದ ಮುಂದ ಹನ್ನೊಂದು ಮನಿ ಕೊಡದ ಸಾಲು. ನೀರು ಮೊದಲ ಎಷ್ಟು ಹೋಗ್ತಿತ್ತೋ ಅಷ್ಟೇ ಹೋಗಲತ್ತಿತ್ತು. ಕಮ್ಮಿ ಆಗಿದ್ದು ರೊಕ್ಕ ಅಷ್ಟೇ, ಯಾಕಂದ್ರ ಹನ್ನೊಂದರಾಗ ನಾಲ್ಕು ಮಂದಿ ಅಷ್ಟೋ ಇಷ್ಟೋ ಕಟ್ಟತಿದ್ದರು. ನಿನ್ನ ಅಂಕಿ ಇದನ್ನ ಹೇಳ್ತದೇನು? ಹನ್ನೊಂದು ಕನೆಕ್ಷನ್ ಕಮ್ಮಿ ಆತು, ಊರು ಸುಧಾರಿಸ್ತು ಅಂತ ಬರೀತದ.

ಮಗಳು ತನ್ನ ಚೀಲದಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡಳು. ಇಡೀ ದಾರಿಯಲ್ಲಿ ಅವಳು ಬರೆಯಲೆಂದು ಪುಸ್ತಕ ತೆಗೆದದ್ದು ಎರಡೇ ಸಲ, ಇದು ಮೊದಲನೆಯದು.

ಮಗಳು: ಇದಕ್ಕೊಂದು ಹಾದಿ ಅದ. 2003ರ ನಮ್ಮ ರಾಜ್ಯದ ಕುಡಿಯೋ ನೀರಿನ ನೀತಿ, ನಡೆಸೋ ಖರ್ಚಾದ್ರೂ ಬಳಸೋರಿಂದ ಬರಬೇಕು ಅಂತದ. 2008ರಾಗ ಕೇಂದ್ರ ಸರ್ಕಾರ ಮಾನದಂಡನೇ ಕೊಟ್ಟದ. ತಲಿಗೆ ದಿನಕ್ಕ 135 ಲೀಟರ್, 24 ತಾಸು ನೀರು, ಎಲ್ಲಾ ನಳಕ್ಕೂ ಮೀಟರ್, ಲೆಕ್ಕಕ್ಕ ಸಿಗದ ನೀರು ಶೇಕಡಾ 20ರ ಒಳಗ, ಖರ್ಚಿನ ವಸೂಲಿ ನೂರಕ್ಕ ನೂರು, ಬಿಲ್ಲಿನ ರೊಕ್ಕ ನೂರಕ್ಕ ತೊಂಬತ್ತು ಬರಬೇಕು.

ಕಾಕಾ: ಒಂದೇ ಹಾಳಿನ್ಯಾಗ ಎಲ್ಲಾ ಬರದಾರಲ್ಲ, ಮೊದಲ ಯಾವುದು? 24 ತಾಸು ನೀರೋ, ನೂರಕ್ಕ ನೂರು ರೊಕ್ಕೋ?

ಮಗಳು: ಎರಡೂ ಕೂಡೇ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡಿನ್ಯಾಗ ವಿಶ್ವಬ್ಯಾಂಕ್ ಸಾಲದಾಗ ಮಾಡಿ ತೋರಿಸ್ಯಾರಲ್ಲ. ಹೊಸಾ ಪೈಪು, ಮನಿಮನಿಗೆ ಮೀಟರು, ದಿನವಿಡೀ ನೀರು. ಜನ ಕಟ್ಟಿದ್ರು.

ಕಾಕಾ: ಕೆಲವು ವಾರ್ಡಿನ್ಯಾಗ. ಬಾಕಿ ಊರು ಅದನ್ನ ನೋಡ್ಕೊಂತ ವರ್ಷಗಟ್ಟಲೆ ಕಾದು ಕೂತಿತು. ನಮ್ಮ ಕಡೆ ಬಿಲ್ಲು ತಿಂಗಳಿಗೊಮ್ಮೆ ತಪ್ಪದಂಗ ಬರ್ತದ, ನೀರು ನಾಲ್ಕು ದಿನಕ್ಕೋ ಆರು ದಿನಕ್ಕೋ. ಮೊದಲ ಬರೋದು ಯಾವುದು ಅಂತ ನೀನೇ ಹೇಳು.

ಮಗಳು: ಅದೇ ಮಂದಿ ಶುದ್ಧ ನೀರಿನ ಘಟಕದ ಮುಂದ ಐದು ರೂಪಾಯಿ ಬಿಲ್ಲೆ ಹಾಕಿ 20 ಲೀಟರ್ ಕ್ಯಾನ್ ತುಂಬ್ಕೋತಾರ. ಅಂದ್ರ ಸಾವಿರ ಲೀಟರಿಗೆ 250 ರೂಪಾಯಿ! ಯಾರೂ ತಕರಾರು ಮಾಡಲ್ಲ. ನಳದ ನೀರಿಗೆ ಅದರ ಇಪ್ಪತ್ತನೇ ಪಾಲು ಕೇಳಿದ್ರ ಮೋರ್ಚಾ ತರ್ತಾರ. ಬ್ಯಾಸಿಗ್ಯಾಗ ಔರಾದ ಕಡೆ ಟ್ಯಾಂಕರಿಗೆ ಎಷ್ಟು ಕೊಡ್ತಾರ, ನಿಮಗೇ ಗೊತ್ತದ. ಬಡವ ಕೊಡಲ್ಲ ಅನ್ನೋದು ಸುಳ್ಳು ಕಾಕಾ. ಬಡವನೇ ಎಲ್ಲಾರಿಗಿಂತ ಜಾಸ್ತಿ ಕೊಡಲತ್ಯಾನ, ಆದ್ರ ಆ ರೊಕ್ಕ ಊರಿನ ಪೈಪಿಗೆ ಬರಲ್ಲಾಗ್ಯದ.

ಈ ಮಾತಿಗೆ ನಾನು ತಲೆಯಾಡಿಸಿದ್ದು ಕಾಕಾರಿಗೆ ಹಿಡಿಸಲಿಲ್ಲ.

ಕಾಕಾ: ಬಿಲ್ಲೆ ಹಾಕಿದ್ರ ನೀರು ಬೀಳ್ತದ. ಕಣ್ಣ ಮುಂದ ಬೀಳ್ತದ. ನನ್ನ ಪಾವತಿ ಪುಸ್ತಕದಾಗ ಆ ತಾಕತ್ತು ಇರಲಿಲ್ಲ. ಇವತ್ತು ಕಟ್ಟು, ನೀರು ಬಂದಾಗ ಬರ್ತದ ಅಂತಿದ್ದೆ. ಈಗಿನ ಯಾವ ಹುಡುಗನಾದ್ರೂ ಕೇಳ್ತಾನೇನು ಈ ಮಾತು? ಮತ್ತ ನೀರು ಮಾರೋದು ಅಂದ್ರ ನಮ್ಮ ಮಂದಿಗೆ ಇನ್ನೂ ಹೊಟ್ಟ್ಯಾಗ ಏನೋ ಆಗ್ತದ. ನಾನಕ ಝೀರಾ ಗುರುದ್ವಾರಕ್ಕ ಹೋಗು. ಗುರು ನಾನಕರು ಬಂದಾಗ ಚಿಮ್ಮಿದ ಸಿಹಿನೀರು ಅಂತಾರ. ಇವತ್ತಿಗೂ ಯಾರಿಗೂ ಬಿಲ್ಲಿಲ್ಲ. ಲಂಗರಿನ್ಯಾಗ ಉಣ್ಣು, ನೀ ಯಾರು ಅಂತ ಕೇಳಲ್ಲ.

ಮಗಳು: ಲಂಗರಿನ ಗೋಧಿ ಯಾರ ರೊಕ್ಕದ್ದು? ಕಾಣಿಕೆ ಬರ್ತದ, ಸೇವಾ ಮಾಡೋರು ಬರ್ತಾರ. ಅಲ್ಲೂ ಖರ್ಚು ವಸೂಲಿ ಆಗ್ತದ ಕಾಕಾ, ಊಟ ಮಾಡಿದವನಿಂದಲೇ ಆಗಲ್ಲ ಅಷ್ಟೇ. ನೌಬಾದಿನ ಸುರಂಗ ಬಾವಿ ತಗೊಳ್ರಿ. ಬಹಮನಿಯವರ ಕಾಲದ್ದು, ಐದು ನೂರು ವರ್ಷದ ಮ್ಯಾಲಿಂದು. ಎರಡು ಕಿಲೋಮೀಟರಿಗೂ ಹೆಚ್ಚು ನೆಲದ ಒಳಗ ಕೊರೆದು, ನಡುನಡುವೆ ಗಾಳಿಬಾವಿ ಇಟ್ಟು, ಪಂಪಿಲ್ಲ ಕರೆಂಟಿಲ್ಲ, ಇಳಿಜಾರಿನ ಮ್ಯಾಲೇ ನೀರು ನಡೆಸ್ಯಾರ. ನಡೆಸೋ ಖರ್ಚು ಸೊನ್ನೆ ಅಂತೀರಿ. ಹೂಳು ತೆಗೆಯೋ ಖರ್ಚು? ಅದನ್ನ ಯಾರೂ ಯಾವ ಪುಸ್ತಕದಾಗೂ ಬರೀಲಿಲ್ಲ. ಅದಕ್ಕೇ ಗಾಳಿಬಾವಿ ಒಳಗ ಕಸ ಬಿತ್ತು, ಮಣ್ಣು ಬಿತ್ತು, ಬೀದರಿನವರೇ ಮರೆತ್ರು. ಮೊನ್ನೆ ಮೊನ್ನೆ ಹತ್ತು ವರ್ಷದ ಹಿಂದ ಹೂಳು ತೆಗೆದ ಮ್ಯಾಲ ಮತ್ತ ನೀರು ಕಾಣಿಸ್ತು.

ಕಾಕಾ: ಹೂಂ. ಅದು ಖರೆ. ಪುಕ್ಕಟೆ ಸಿಕ್ಕಿದ್ದಕ್ಕ ವಾರಸುದಾರ ಇರಲ್ಲ.

ಮಗಳು: ಮತ್ತ ನೀವೇ ನನ್ನ ಕಡೆ ಬಂದ್ರಿ!

ಕಾಕಾ: ಬಂದಿಲ್ಲ. ಅಷ್ಟು ದಾರಿ ನಡೆದೀನಿ, ಅಷ್ಟೇ.

ಮಗಳು: ನನ್ನ ಕಡೆಯವರದ್ದೂ ತಪ್ಪದ, ಮುಚ್ಚಿಡಲ್ಲ. ಬೊಲಿವಿಯಾ ಅಂತ ದೇಶ. ಅಲ್ಲಿ ಕೊಚಬಾಂಬಾ ಊರು. ಅಲ್ಲಿ ನೀರು ಖಾಸಗಿಯವರ ಕೈಗೆ ಕೊಟ್ಟು, 2000ದಾಗ ಪೂರಾ ಖರ್ಚು ವಸೂಲಿ ಅಂತ ಒಮ್ಮಿಂದೊಮ್ಮೆ ದರ ಏರಿಸಿದ್ರು. ಊರಿಗೆ ಊರೇ ಬೀದಿಗಿಳೀತು. ಗೋಳಿಬಾರಾತು. ಕಡೀಗೆ ಸರ್ಕಾರ ಒಪ್ಪಂದನೇ ಹರಿದು ಹಾಕ್ತು. ನಮ್ಮ ಕೆಲಸಕ್ಕ ಬಂದವರು ಮೊದಲ ಓದೋದೇ ಅದನ್ನ. ಲೆಕ್ಕ ಸರಿ ಇದ್ದಿರಬಹುದು. ಆದ್ರ ಕಟ್ಟೋ ಮನಿ ಯಾವುದು ಅಂತ ಯಾರೂ ನೋಡಿರಲಿಲ್ಲ.

ಬಸ್ಸು ಕೌಠಾದ ಹತ್ತಿರ ಮಾಂಜ್ರಾ ಸೇತುವೆ ಹತ್ತಿತು. ಕೆಳಗೆ ನೀರು ಒಂದು ಬದಿಗೆ ಸರಿದು, ಉಳಿದ ಕಡೆ ಮರಳು ಕಾಣುತ್ತಿತ್ತು. ಮಿಠಾಯಿ ಡಬ್ಬಿಯ ಮೂಲೆಯಿಂದ ಪಾಕ ಸೋರಿ ನನ್ನ ಪ್ಯಾಂಟಿಗೆ ಹತ್ತಿದ್ದು ಅಷ್ಟೊತ್ತಿಗೆ ಗೊತ್ತಾಯಿತು. 'ಲೆಕ್ಕಕ್ಕ ಸಿಗದ ಪಾಕ' ಎಂದರು ಕಾಕಾ, ನನ್ನ ಕಡೆ ತಿರುಗಿ. ಮಗಳು ನಕ್ಕು ಕರವಸ್ತ್ರ ಕೊಟ್ಟಳು. ಕಾಕಾರ ದೃಷ್ಟಿ ನದಿಗೆ ಮರಳಿತು.

ಕಾಕಾ: ಕಾರಂಜಾ ಹೊಳಿ ಇದಕ್ಕೇ ಬಂದು ಸೇರೋದು. ನಮ್ಮ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಹತ್ರ ಅಣೆಕಟ್ಟು. ಏಳೂವರೆ ಟಿಎಂಸಿ ಮ್ಯಾಲ ನೀರು ಹಿಡೀತದ. ನಿನ್ನ ಹಾಳಿನ್ಯಾಗ ಆ ನೀರಿನ ಬೆಲಿ ಎಷ್ಟು ಹಿಡಿದಿ?

ಮಗಳು: ನೀರಿಂದಲ್ಲ. ಎತ್ತೋ ಖರ್ಚು, ಶುದ್ಧ ಮಾಡೋ ಖರ್ಚು, ಊರಾಗ ಹಂಚೋ ಖರ್ಚು. ಅಣೆಕಟ್ಟು ಸರ್ಕಾರ ಕಟ್ಟಿದ್ದು, ಅನುದಾನದ್ದು. ಅದನ್ನ ದರದಾಗ ಹಿಡಿಯಲ್ಲ.

ಕಾಕಾ: ಅಣೆಕಟ್ಟಿನ ಸಿಮೆಂಟ್ ಸರ್ಕಾರದ್ದು. ಹೊಲ ಯಾರದ್ದು? ಮುಳುಗಿದ ಹಳ್ಳಿ ಮಂದಿ ವೈಜ್ಞಾನಿಕ ಪರಿಹಾರ ಕೊಡ್ರಿ ಅಂತ ಬೀದರಿನ್ಯಾಗ ವರ್ಷಗಟ್ಟಲೆ ಧರಣಿ ಕೂತಾರ. ನೀ ದಿನಾ ಆಫೀಸಿಗೆ ಹೋಗೋ ದಾರ್ಯಾಗೇ ಆ ಪೆಂಡಾಲ ನೋಡಿರಬೇಕು. ಬೀದರಿನ ನಳ ತಿರುವಿದ್ರ ಬರೋ ನೀರಿನ ಖರ್ಚಿನ್ಯಾಗ ಅವರದೂ ಒಂದು ಪಾಲದ. ಅದರ ವಸೂಲಿ ಯಾರು ಮಾಡಬೇಕು? ನಾ 30 ವರ್ಷ ಜನರ ಬಾಕಿ ಬರದೆ. ಜನರಿಗೆ ಬರಬೇಕಾದ ಬಾಕಿ ಬರಿಯೋ ಪುಸ್ತಕ ನನಗ ಯಾವತ್ತೂ ಯಾರೂ ಕೊಡಲಿಲ್ಲ.

ಬಹಳ ಹೊತ್ತು ಅವಳು ಮಾತಾಡಲಿಲ್ಲ. ಸಂತಪುರದಲ್ಲಿ ಬಸ್ಸು ನಿಂತು ಹೊರಟಿತು. ಕೊನೆಗೆ ಪುಸ್ತಕದ ನಡುವೆ ಇಟ್ಟಿದ್ದ ಝೀರೋ ಟಿಕೆಟನ್ನು ತೆಗೆದು ಕಾಕಾರ ಕೈಗೆ ಕೊಟ್ಟಳು.

ಮಗಳು: ಇದನ್ನ ನೋಡ್ರಿ. ನಾ ಒಂದು ಪೈಸೆ ಕೊಟ್ಟಿಲ್ಲ, ಆದ್ರೂ ಕಂಡಕ್ಟರ್ ಹರಿದು ಕೊಟ್ಟ. ಯಾಕ? ಇಂಥಾವು ಎಷ್ಟು ಹರಿದ್ರು ಅಂತ ಎಣಿಸಿ ಸರ್ಕಾರ ನಿಗಮಕ್ಕ ರೊಕ್ಕ ತುಂಬಬೇಕು. ಪುಕ್ಕಟೆ ಕೊಡಬ್ಯಾಡ್ರಿ ಅಂತ ನಾ ಎಲ್ಲೂ ಬರೆದಿಲ್ಲ ಕಾಕಾ. ದಿಲ್ಲಿಯಾಗ 2015ರಿಂದ ಮನಿಗೆ ತಿಂಗಳಿಗೆ 20,000 ಲೀಟರ್ ಪುಕ್ಕಟೆ ಕೊಟ್ರು, ಕೊಡಲಿ. ಆ ಮುದುಕಿಗೆ ಪೂರಾ ಮಾಫಿ ಮಾಡ್ರಿ. ಆದ್ರ ಟಿಕೆಟ್ ಹರೀರಿ. ಎಷ್ಟಾತು, ಯಾರ ತಲಿ ಮ್ಯಾಲ ಬಿತ್ತು, ಬರೀರಿ. ನಿಮ್ಮ ಕಾಲದಾಗ ಟಿಕೆಟ್ ಹರೀದನೇ ಬಿಟ್ಟಿದ್ದೇ ತಪ್ಪು.

ಕಾಕಾ ಆ ಚೀಟಿಯನ್ನು ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ, ಹಳೆಯ ಬಿಲ್ ಕಲೆಕ್ಟರನ ಶಿಸ್ತಿನಲ್ಲಿ ಓದಿದರು.

ಕಾಕಾ: ಛಲೋ ಅದ. ಹಂಗಾದ್ರ ಕಾರಂಜಾದವರಿಗೂ ಇಂಥಾದ್ದೊಂದು ಹರಿ. ನಿನ್ನ ಹಾಳಿನ್ಯಾಗ ಒಂದು ಸಾಲು.

ಮಗಳು: ಅಂಕಿ ಯಾವುದು ಬರೀಲಿ? ಸರ್ಕಾರ ಕೊಟ್ಟೀವಿ ಅಂದದ್ದೋ, ಧರಣಿಯವರು ಬೇಕು ಅನ್ನೋದೋ? ಎರಡಕ್ಕೂ ನಡುವೆ ಎಷ್ಟು ಅಂತರ ಅದ ಗೊತ್ತದೇನು?

ಕಾಕಾ: ಅಂಕಿ ಖಾಲಿ ಬಿಡು. ಸಾಲು ಬರಿ.

ಮಗಳು: ಖಾಲಿ ಬಿಟ್ರ ಶೀಟು ಮುಂದ ಹೋಗಲ್ಲ ಕಾಕಾ. ಕೆಂಪು ಬಣ್ಣ ಬಂದು ಅಲ್ಲೇ ನಿಲ್ತದ.

ಕಾಕಾ: ನಿಲ್ಲಲಿ.

ಮಗಳು: ನೀವು ಅಂತೀರಿ. ಬೈಸ್ಕೊಳ್ಳೋದು ನಾ.

ಕಾಕಾ: ನಾ ಬೈಸ್ಕೊಂಡಿಲ್ಲೇನು, ಮಾರ್ಚ್ ಮಾರ್ಚಿಗೆ?

ಅವಳು ಪುಸ್ತಕ ತೆಗೆದಳು. ಎರಡನೆಯ ಸಲ. ಆದರೆ ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಔರಾದ ಬಂದುಬಿಟ್ಟಿತ್ತು. ಜನ ಎದ್ದು ನಿಂತರು. ಬರೆದದ್ದು ಅಲ್ಲಿ ಇಳಿದ ಮೇಲೆ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು. ಬರೆದದ್ದೂ ಆ ಸಾಲಲ್ಲ, ಅವತ್ತು ಸುತ್ತಬೇಕಾದ ಓಣಿಗಳ ಪಟ್ಟಿ. ಪಟ್ಟಿ ಒಂದನೆಯ ನಂಬರಿನಿಂದ ಶುರುವಾಗುತ್ತಿತ್ತು. ಕಾಕಾ ಅದಕ್ಕೂ ತಕರಾರು ತೆಗೆದರು: ಪೈಪು ಮುಗಿಯುವ ತುದಿಯಿಂದ ಶುರು ಮಾಡಬೇಕು, ನೀರು ಕೊನೆಗೆ ಮುಟ್ಟುವ ಮನೆಯಿಂದ. ಅವಳು, ನಂಬರು ತಪ್ಪಿಸಿದರೆ ಎಣಿಕೆ ತಪ್ಪುತ್ತದೆ ಎಂದಳು. ಇಬ್ಬರೂ ಅದನ್ನೇ ವಾದಿಸುತ್ತ ಬಿಸಿಲಿನಲ್ಲಿ ನಡೆದುಹೋದರು.

ನಾನು ಮದುವೆ ಮನೆಗೆ ಹೋದೆ. ಪೆಂಡಾಲಿನ ಪಕ್ಕ ನೀರಿನ ಟ್ಯಾಂಕರ್ ನಿಂತಿತ್ತು. ಕೆಳಗಿನ ನಲ್ಲಿ ಸರಿಯಾಗಿ ಮುಚ್ಚಿರಲಿಲ್ಲ, ನೆಲ ಒದ್ದೆ. ಡಬ್ಬಿ ಕೊಟ್ಟು, ನಮಸ್ಕಾರ ಹೇಳಿ, ಟ್ಯಾಂಕರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಹೆಣ್ಣಿನ ತಂದೆ ನನ್ನ ಮುಖ ನೋಡಿ, 'ಊಟಕ್ಕ ನಡೀರಿ' ಎಂದರು.